ಎಪ್ಪತ್ತಮೂರನೆಯ ಹಾಳೆ

ಮಕುರ್ಡಿಯಲ್ಲಿ ಹರ್ಮಟಾನ್ ಬೀಸುವ ತಿಂಗಳು.
ತುಟಿ ಒಡೆದಿತ್ತು. ಬೆನುವೆ ಹೊಳೆ ಇಳಿದು
ಮರಳಿನ ಬೆನ್ನು ಕಾಣುತ್ತಿತ್ತು.
ನೂರಿಪ್ಪತ್ತು ಪ್ರಶ್ನಾವಳಿ ಚೀಲದಲ್ಲಿ ಹೊತ್ತು
ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಅಲೆಯುತ್ತಿದ್ದೆ ನಾನು,
ತೃಪ್ತಿಯನ್ನು ಅಳೆಯಲು ಹೊರಟವನು.

ಒಂದರಿಂದ ಐದು.
'ಖಂಡಿತ ಇಲ್ಲ' ಎಂಬಲ್ಲಿಂದ 'ಖಂಡಿತ ಹೌದು' ಎಂಬಲ್ಲಿಗೆ.
ನಡುವಿನ ಮೂರು, ಬಾಗಿಲಾಚೆ
ಮುಖ್ಯಸ್ಥರ ಬೂಟಿನ ಸದ್ದು ಕೇಳಿಸಿಕೊಂಡವರಿಗೆ.

ಪತ್ರಿಕೆಗಳ ವಿಭಾಗದ ತೆರ್ಹೆಂಬಾ ಒಂದು ಆಕಳಿಕೆಯಲ್ಲಿ ಮುಗಿಸಿದ.
ಎಲ್ಲಕ್ಕೂ ಐದು. 'ಸಾಲದಿದ್ದರೆ ಹೇಳು,
ಇನ್ನೊಂದು ಹಾಳೆ ತುಂಬಿಕೊಡುತ್ತೇನೆ' ಅಂದ,
ಮತ್ತೆ ಹಳೆಯ ಸುದ್ದಿಗಳ ಮೇಲೆ ತಲೆಯಿಟ್ಟ.

ಇವೆರೆನ್ ಎರವಲು ಮೇಜಿನ ಹಿಂದೆ
ಹಾಲಿನ ಪುಡಿಯ ಡಬ್ಬಿಯಲ್ಲಿ ಅಂಟು ಕದಡುತ್ತಿದ್ದಳು,
ಮರಗೆಣಸಿನ ಹಿಟ್ಟಿನ ಅಂಟು.
'ಅಂಗಡಿಯದಕ್ಕೆ ಅರ್ಜಿ ಹಾಕಿ ಎರಡು ವರ್ಷ.
ಇದಾದರೆ ಮನೆಯದು. ಮಿಕ್ಕರೆ ಊಟ.'
ನಕ್ಕಳೋ ಏನೋ, ಧೂಳಿಗೆಂದು
ಮೂಗಿನವರೆಗೆ ಬಟ್ಟೆ ಕಟ್ಟಿದ್ದಳು.

ಪ್ರಶ್ನೆ ನಾಲ್ಕು: ನನ್ನ ಸಂಬಳ ನನಗೆ ಸಮಾಧಾನ ತಂದಿದೆ.
'ಯಾವುದು, ಆಗಸ್ಟಿನದೋ?
ಅದು ಬರಲಿ. ಆಮೇಲೆ ನೀನೂ ಬಾ.'
ಒಂದರ ಚೌಕಕ್ಕೆ ಗೀಟೆಳೆದಳು,
ಹಾಳೆ ಹರಿಯುವಷ್ಟು ಒತ್ತಿ.

ಪ್ರಶ್ನೆ ಹನ್ನೊಂದು: ಈ ಸಂಸ್ಥೆ ಬಿಡುವ ಯೋಚನೆ ನನಗೆ ಬಂದಿಲ್ಲ.
ಪೆನ್ಸಿಲ್ ನಿಂತಿತು. ಕಿವಿಯ ಹಿಂದಕ್ಕೆ ಹೋಯಿತು. ಮರಳಿ ಬಂತು.
ಯಾವ ಚೌಕವನ್ನೂ ಮುಟ್ಟದೆ
ಅಂಚಿನಲ್ಲಿ ಬರೆದಳು, ಕ್ಯಾಟಲಾಗ್ ಕಾರ್ಡಿನ ದುಂಡು ಅಕ್ಷರದಲ್ಲಿ:
ಸೋಮವಾರ ಬರುತ್ತದೆ.
ಬುಧವಾರದ ಹೊತ್ತಿಗೆ ಮರೆತಿರುತ್ತೇನೆ, ಕೆಲಸ ಬಹಳ.

ಅಷ್ಟರಲ್ಲಿ ದೀಪ ಹೋಯಿತು.
ಜನರೇಟರಿಗೆ ಡೀಸೆಲ್ ಇಲ್ಲದ್ದು ಎಲ್ಲರಿಗೂ ಗೊತ್ತು,
ಯಾರೂ ಕೇಳಲಿಲ್ಲ.
ನರ್ಸಿಂಗ್ ಓದುವ ಹುಡುಗಿಯೊಬ್ಬಳು, ನಾಳೆ ಪರೀಕ್ಷೆ,
'ಹಸಿರು ರಟ್ಟಿನದು, ಮೂತ್ರಪಿಂಡದ್ದು' ಎಂದಳು.
ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ.
ಇವೆರೆನ್ ಟಾರ್ಚ್ ಕೂಡ ಹಿಡಿಯದೆ ಒಳಹೋದಳು.
ಕಪಾಟುಗಳನ್ನು ಅಂಗೈಯಲ್ಲಿ ಎಣಿಸುವ ಸದ್ದು ಕೇಳಿಸಿತು:
ಟಪ್, ಟಪ್, ಆರನೆಯದು, ಮೊಣಕಾಲಿನೆತ್ತರ.
ತಾನೇ ಹೊಲಿದ ಬೆನ್ನು ಬೆರಳಿಗೆ ಗುರುತು ಸಿಗದೆ ಇದ್ದೀತೆ?
ತಂದಳು, ಊದಿದಳು, ತಾರೀಖಿನ ಮುದ್ರೆ ಒತ್ತಿದಳು,
ಕತ್ತಲಲ್ಲೂ ಗೆರೆಯೊಳಗೆ.

ಅವಳ ಕಾರ್ಯಕ್ಷಮತೆಯ ವರದಿಯನ್ನು
ಮುಖ್ಯಸ್ಥರು ನನಗೆ ಮುಚ್ಚಿದ ಲಕೋಟೆಯಲ್ಲಿ ಕೊಟ್ಟರು.
'ಸಾಧಾರಣ. ತಡವಾಗಿ ಬರುತ್ತಾಳೆ.'
ನಿಜ, ತಡವೇ.
ಓಕಾಡಾದ ಬೈಕಿನಿಂದ ಸೇತುವೆಯ ಈಚೆಗೇ ಇಳಿದು
ಉಳಿದ ದಾರಿ ನಡೆಯುತ್ತಾಳೆ, ಬಾಡಿಗೆ ಉಳಿಸಲು.
ಅದಕ್ಕೆ ನನ್ನಲ್ಲಿ ಪ್ರಶ್ನೆಯೇ ಇರಲಿಲ್ಲ.

ಲೆಕ್ಕಕ್ಕೆ ಕೂತಾಗ ಅವಳೊಬ್ಬಳು ಗೆರೆಗೆ ಸಿಗಲಿಲ್ಲ.
ತೃಪ್ತಿ ತಳದಲ್ಲಿ, ನಿಷ್ಠೆ ಅಂಚಿನಲ್ಲಿ,
ಕೆಲಸ ಎಲ್ಲೋ ಕತ್ತಲಲ್ಲಿ.
ಮಾರ್ಗದರ್ಶಕರು ಕನ್ನಡಕ ಒರೆಸುತ್ತ ಅಂದರು:
'ಎಪ್ಪತ್ತಮೂರನ್ನು ತೆಗೆದುಬಿಡು. ಚೌಕ ಬಿಟ್ಟವರನ್ನು ಬಿಡಬಹುದು,
ನಿಯಮವಿದೆ.'
ತೆಗೆದೆ.
ಗೆರೆ ಒಳ್ಳೆಯ ಮಗುವಿನಂತೆ ಮೇಲೇರಿತು:
ಸಂತೋಷ ಏರಿದರೆ ನಿಷ್ಠೆ, ನಿಷ್ಠೆ ಏರಿದರೆ ದುಡಿಮೆ.
ತೆರ್ಹೆಂಬಾನ ಐದುಗಳೂ ಕೈಜೋಡಿಸಿದ್ದವು.
ಪದವಿ ಬಂತು. ನನಗೆ ಸಂಬಳವೂ ಬರುತ್ತದೆ, ತಿಂಗಳು ತಿಂಗಳು.

ಉಳಿದ ಹಾಳೆಗಳು ಎಲ್ಲಿವೆಯೋ. ಇದೊಂದು
ಯಾವುದೋ ಫೈಲಿನ ಹೊಟ್ಟೆಯಿಂದ ಮೊನ್ನೆ ಜಾರಿತು.
ಬೆಳಕಿಗೆ ಹಿಡಿದೆ.
ನಾಲ್ಕನೆಯ ಪ್ರಶ್ನೆಯ ಹಿಂದೆ, ಅವಳೇ ಹರಿದಲ್ಲಿ,
ತೆಳುಕಾಗದದ ಒಂದು ಪಟ್ಟಿ, ಬೆರಳಗಲ,
ಗುಳ್ಳೆಯಿಲ್ಲದೆ, ಅಂಚು ಮೀರದೆ ಅಂಟಿಸಿದ್ದಾಳೆ.
ಹಿಂದಿರುಗಿಸುವ ಮುಂಚೆ ಯಾವಾಗಲೋ.
ನಾನು ನೋಡಿರಲಿಲ್ಲ.
ಮೂಸಿದೆ. ಏನೂ ಇಲ್ಲ, ಬರೀ ಧೂಳು.
ಉಗುರಿನಿಂದ ಎಬ್ಬಿಸಿ ನೋಡಿದೆ,
ಏಳಲಿಲ್ಲ.